ಹರಿಯದ ಹಾಳೆ

ಶ್ರೀರಾಂಪುರದಲ್ಲಿ ಬಸ್ಸಿಳಿದು, ಬಾಳೆದಿಂಡಿನ ನಾರಿನಿಂದ ಕಾಗದ ಮಾಡುವ ಶೆಡ್ಡಿಗೆ ಮತ್ತೆ ಹೋದೆ. ಕಳೆದ ಸಲ "ನಮ್ಮ ಹಾಳೆ ಹರೀರಿ ನೋಡಾಣ" ಎಂದು ಸವಾಲು ಹಾಕಿದ್ದ ತಿಪ್ಪೇಸ್ವಾಮಿ ಕಾಣಲಿಲ್ಲ. ನಾರು ನೆನೆಸಿ ಕರಗಿಸುವ ತೊಟ್ಟಿಯ ಬಳಿ ಅವರ ಹೆಂಡತಿ ಒಬ್ಬರೇ ಇದ್ದರು.

"ಕುಂತ್ಕಳ್ರಿ ಅಣ್ಣಾರೆ" ಎಂದು ಸೆರಗಿಗೆ ಕೈ ಒರೆಸಿಕೊಂಡು ಒಂದು ಕಾರ್ಡು ಕೊಟ್ಟರು. ಅದು ತಿಪ್ಪೇಸ್ವಾಮಿಯ ಶಿವಗಣಾರಾಧನೆಯ ಕಾರ್ಡು.

"ಹಾಳೇನೂ ಅವರೇ ಮಾಡಿಟ್ಟಿದ್ದು. ಓದಿ ಇಲ್ಲೇ ಹರಿದಾಕ್ರಿ, ಸಾವಿನ ಕಾಗ್ದ ಮನೆಗೆ ಒಯ್ಬಾರ್ದು."

ಓದಿ, ಎರಡೂ ಕೈಯಲ್ಲಿ ಹಿಡಿದು ಎಳೆದೆ. ಮಡಚಿ ಎಳೆದೆ. ಹರಿಯಲಿಲ್ಲ.

"ಯಾರ ಕೈಲೂ ಆಗಿಲ್ಲ, ಬಿಡ್ರಿ" ಎಂದವರ ಮುಖದಲ್ಲಿ ಕ್ಷಣಹೊತ್ತು ಹೆಮ್ಮೆಯೇ ಇತ್ತು. ಆಮೇಲೆ ಕಾರ್ಡು ಇಸಿದುಕೊಂಡು ತೊಟ್ಟಿಯ ನೀರಿನಲ್ಲಿ ಅದ್ದಿದರು. ಮೆತ್ತಗಾದ ಮೇಲೂ ಕೈ ಬಿಡಲಿಲ್ಲ.