ಸ್ಟೀಲ್ ಹಾಳೆಗೆ ಇಟ್ಟ ಕುಂಕುಮ

ಹಾಲಿನ ಪಾತ್ರೆ ತೂತಾದದ್ದು ನನ್ನಿಂದಲೇ. ಕರೆಂಟಿನಿಂದಲ್ಲ, ಹಾಳೆಯಿಂದಲೂ ಅಲ್ಲ. ಆ ದಿನ ಎರಡನ್ನೂ ಚೆನ್ನಾಗಿ ಬೈದಿದ್ದೆ, ಅದು ಬೇರೆ ಮಾತು.

ಹಿರಿಯೂರಿನ ಹೈವೇ ಪಕ್ಕ ನಮ್ಮದೊಂದು ವೆಲ್ಡಿಂಗ್ ಅಂಗಡಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಗೇಟು, ಗ್ರಿಲ್ಲು ಬೆಸೆಯುವುದನ್ನು ಯಜಮಾನರ ಪಕ್ಕ ಕೂತು ಕಲಿತೆ. ತೊಂಬತ್ತರ ದಶಕವೆಲ್ಲ ಕಬ್ಬಿಣದಲ್ಲೇ ಕಳೆಯಿತು. ಶುಕ್ರವಾರ ಕೆಲಸಕ್ಕೆ ಮೊದಲು ಬೆಸೆಯುವ ಜಾಗಕ್ಕೇ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಡುವುದು ನಮ್ಮ ಪದ್ಧತಿ. ದಪ್ಪ ಕಬ್ಬಿಣ ಅದನ್ನು ನುಂಗಿಕೊಂಡು ಸುಮ್ಮನಿರುತ್ತಿತ್ತು.

ಆಮೇಲೆ ಚಿತ್ರದುರ್ಗದಲ್ಲಿ ಐಟಿಐ ಓದಿದ ಸೊಸೆ ಬಂದಳು. ಅವಳ ಹಿಂದೆಯೇ ಸ್ಟೀಲ್ ಬೆಸೆಯುವ ಆರ್ಗನ್ ಗ್ಯಾಸಿನ ಮಿಷನ್ ಬಂತು. ನಾನು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡುವವಳಾದೆ. ಅದನ್ನೇ ನನಗೆ ತಡೆದುಕೊಳ್ಳಲು ಆಗಲಿಲ್ಲ.

ಬಸ್ ಸ್ಟ್ಯಾಂಡಿನ ಟೀ ಹೋಟೆಲಿನವನು ಹಾಲು ಕಾಯಿಸಲು ದೊಡ್ಡ ಪಾತ್ರೆ ಹೇಳಿದ್ದ. ಇದು ಸರಿಹೋದರೆ ಹೋಟೆಲಿನ ಪಾತ್ರೆಗಳೆಲ್ಲ ನಿಮಗೇ ಅಂದಿದ್ದ. ಸೊಸೆ ಹಾಳೆ ಕತ್ತರಿಸಿ, ಮಡಚಿ ಇಟ್ಟು ಊಟಕ್ಕೆ ಹೋದಳು. ಶುಕ್ರವಾರ. ಮಗುವನ್ನು ಅವಳ ಜೊತೆ ಕಳಿಸಿ, ಜೋಡಿಸಿದ ಅಂಚಿಗೆ ಧಾರಾಳವಾಗಿ ಕುಂಕುಮ ಬಳಿದು ಮಿಷನ್ನಿನ ಬೆಸೆಯುವ ಟಾರ್ಚ್ ಹಿಡಿದೆ.

ಹಾಳೆ ಹಪ್ಪಳದಷ್ಟು ತೆಳು. ಕುಂಕುಮವಿದ್ದ ಕಡೆ ಚಟಪಟ ಸಿಡಿದು ಕಪ್ಪಾಗಿ ತೂತು ಬಿತ್ತು. ಗೇಟಿನಲ್ಲಿ ಮಾಡುವಂತೆ ಕರೆಂಟು ಏರಿಸಿ, ಕೈ ಅಲ್ಲೇ ನಿಲ್ಲಿಸಿ ತುಂಬಲು ಹೋದೆ. ಚುಕ್ಕೆಯಷ್ಟಿದ್ದ ತೂತು ಎಂಟಾಣೆಯಷ್ಟಾಯಿತು. ಉಳಿದ ಹಾಳೆ ಸೊಟ್ಟಗೆ ಬಾಗಿ ನನ್ನನ್ನೇ ನೋಡಿತು.

ಅಷ್ಟರಲ್ಲಿ ಹೋಟೆಲಿನವನು ಬಂದ.

"ಏನಜ್ಜಿ, ಹಾಲು ಕಾಯ್ಸಾಕೆ ಹೇಳಿದ್ನೋ, ಬೂಂದಿ ಹಾಕಾಕೆ ಹೇಳಿದ್ನೋ?"

"ಹಾಳೇನೇ ಸರಿ ಇಲ್ಲ ಕಣಪ್ಪ. ಕರೆಂಟೂ ಕುಣೀತೈತೆ."

"ನಾಳೆ ಮಧ್ಯಾಹ್ನ ಬತ್ತೀನಿ. ಆಗ್ಲಿಲ್ಲ ಅಂದ್ರೆ ದುರ್ಗದಾಗೆ ಮಾಡಿಸ್ಕಂತೀನಿ."

ಊಟ ಮುಗಿಸಿ ಬಂದ ಸೊಸೆ ತೂತಿನೊಳಗೆ ಕಿರುಬೆರಳು ತೂರಿಸಿ ನೋಡಿದಳು. ಬೈದಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಬೈಯಲಿಲ್ಲ. ಎರಡು ಚೂರು ಹಾಳೆ ತಂದು, ಅಂಚು ಒರೆಸಿ, ಹಿಂದೆ ತಾಮ್ರದ ಪಟ್ಟಿ ಕೊಟ್ಟು ಬಿಗಿದಳು.

"ಅತ್ತೆ, ಕುಂಕುಮ ಮಿಷನ್ನಿಗೆ ಇಡ್ರಿ, ಇದಕ್ಕೆ ಬ್ಯಾಡ. ಎಣ್ಣೆ ಸೋಕಿದ್ರೆ ಸ್ಟೀಲ್ ಕೆಟ್ಟೋಗ್ತೈತೆ. ಕರೆಂಟು ಇಳಿಸ್ರಿ, ಕೈ ನಿಲ್ಲಿಸ್ಬ್ಯಾಡ್ರಿ. ಒಂದು ಬೆರಳಗಲ ಬೆಸೆದು ಬಿಟ್ಟುಬಿಡ್ರಿ. ಅದು ಆರಾಗಂಟ ಆ ತುದೀಗೆ ಹೋಗ್ರಿ."

"ತಾಮ್ರ ಯಾಕೆ?"

"ಶಾಖ ಅದು ಕುಡೀತೈತೆ. ಇಲ್ದಿದ್ರೆ ಹಾಳೆ ಕುಡೀಬೇಕಲ್ಲ."

ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿದ ನನಗೆ ಶಾಖ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮನೆಗೆ ಹೋಗಿ ಉಣ್ಣದೆ ಮಲಗಿದೆ. ಕೋಪ ಯಾರ ಮೇಲೆ ಎಂದು ಯಾರೂ ಕೇಳಲಿಲ್ಲ. ಅದೂ ಸಿಟ್ಟು ತರಿಸಿತು.

ಮರುದಿನ ಬೆಳಗ್ಗೆ ಸೊಸೆಗಿಂತ ಮೊದಲೇ ಅಂಗಡಿ ಬಾಗಿಲು ತೆಗೆದೆ. ಕುಂಕುಮವನ್ನು ಮಿಷನ್ನಿಗೆ ಇಟ್ಟು, ಸೋಪು ಹಾಕಿ ಕೈ ತೊಳೆದು, ಚೂರು ಹಾಳೆ ಹಿಡಿದು ಕೂತೆ. ಮೊದಲನೆಯದು ತೂತು. ಎರಡನೆಯದು ಸೊಟ್ಟ. ಮೂರನೆಯದನ್ನು ಬಿಸಿಲಿಗೆ ಹಿಡಿದು ನೋಡಿದೆ, ಬೆಳಕು ತೂರಲಿಲ್ಲ. ಸೊಸೆ ಬಂದ ಮೇಲೆ ಹೊಸ ಹಾಳೆಯ ಅಂಚು ಒರೆಸಿಕೊಟ್ಟೆ. ಮಧ್ಯಾಹ್ನಕ್ಕೆ ಮೊದಲೇ ಹೋಟೆಲಿನವನ ಪಾತ್ರೆ ಅವಳು ಬೆಸೆದು ಮುಗಿಸಿದಳು. ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿದವಳು ನಾನು.