ಇಟಲಿಗೆ ಬರೆದ ಹೊಂಗೆ ಮರ

ನಮ್ಮ ಹನಿಮೂನಿಗೆ ಕಾರಣ ನಮ್ಮತ್ತೆಯವರ ಅನುಮಾನ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐವತ್ತರ ದಶಕದಲ್ಲಿ ಶಿಡ್ಲಘಟ್ಟದ ಸೊಸೆಯೊಬ್ಬಳು ಗಂಡನ ಜೊತೆ ಇಟಲಿಗೆ ಹೋಗಿ ಆರು ತಿಂಗಳಿದ್ದು ಬಂದಳು ಅಂದರೆ, ನೀವು ನನ್ನನ್ನು ಯಾವ ದಿವಾನರ ಮೊಮ್ಮಗಳೋ ಅಂದುಕೊಳ್ಳುವ ಅಪಾಯವಿದೆ. ಹಾಗೇನೂ ಇಲ್ಲ. ನಾನು ಗೌರಿಬಿದನೂರಿನ ಪಕ್ಕದ ನಗರಗೆರೆಯವಳು, ಹೊಲಗದ್ದೆಯವರ ಮನೆ ಮಗಳು. ಆ ಕಾಲಕ್ಕೆ ನಮ್ಮ ಕಡೆ ಹೊಸ ದಂಪತಿಗಳ ವಿಹಾರ ಅಂದರೆ ನಂದಿಬೆಟ್ಟ. ಅದೂ ನಾದಿನಿ, ಮೈದುನ, ಚಿತ್ರಾನ್ನದ ಡಬ್ಬಿ ಸಮೇತ, ಸಂಜೆಯೊಳಗೆ ವಾಪಸ್ಸು.

ನಮ್ಮ ಯಜಮಾನರು ಶಿಡ್ಲಘಟ್ಟದಲ್ಲಿ ರೇಷ್ಮೆ ಹುಳದ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ ಕೆಲಸಕ್ಕಿದ್ದರು. ನಮ್ಮ ಮದುವೆಯಾಗಿ ಮೂರು ತಿಂಗಳಿಗೆ, ಇಟಲಿಗೆ ಹೋಗಿ ತರಬೇತಿ ಪಡೆದು ಬರಬೇಕೆಂದು ಅವರಿಗೆ ಆರ್ಡರ್ ಬಂತು. ಮನೆಯಲ್ಲಿ ಎಲ್ಲರೂ ಹಿಗ್ಗಿದರು, ಅತ್ತೆಯವರನ್ನು ಬಿಟ್ಟು. ಅವರು ಮಾರನೇ ದಿನ ನನ್ನನ್ನು ಹಿತ್ತಿಲಿಗೆ ಕರೆದರು.

"ನೋಡಮ್ಮ ವನಜಾ, ಒಬ್ಬನೇ ಹೋದ್ರೆ ಇವನು ಬರೋವಾಗ ಇಬ್ಬರಾಗಿ ಬರ್ತಾನೆ. ಅಲ್ಲಿ ಹೆಂಗಸರು ಬಲೇ ಬೆಳ್ಳಗಿರ್ತಾರಂತೆ. ನೀನೂ ಹೊರಡು."

ಹೀಗೆ ಕಾವಲುಗಾರಳಾಗಿ ನಾನು ಹಡಗು ಹತ್ತಿದೆ.

ನಾವು ಸೇರಿದ್ದು ಉತ್ತರ ಇಟಲಿಯ ಒಂದು ಪುಟ್ಟ ಊರು. ನಾವಿದ್ದದ್ದು ಸಿನ್ಯೋರಾ ತೆರೇಸಾ ಎಂಬ ಅರವತ್ತು ದಾಟಿದ ವಿಧವೆಯ ಮನೆಯ ಮಹಡಿಯಲ್ಲಿ. ಸಿನ್ಯೋರಾ ಅಂದರೆ ನಮ್ಮಲ್ಲಿ ಹೆಸರಿನ ಕೊನೆಗೆ ಹಚ್ಚುವ ಅಮ್ಮ ಇದ್ದ ಹಾಗೆ. ಆದ್ದರಿಂದ ಎರಡನೇ ದಿನದಿಂದಲೇ ಆಕೆ ನಮ್ಮಿಬ್ಬರಿಗೂ ತೆರೇಸಮ್ಮ ಆದರು.

ಆ ಊರಿನ ನಿಧಾನಕ್ಕೆ ಹೊಂದಿಕೊಳ್ಳಲು ನನಗೆ ತಿಂಗಳು ಹಿಡಿಯಿತು. ಮಧ್ಯಾಹ್ನವಾಯಿತೆಂದರೆ ಇಡೀ ಪೇಟೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಯಾರಾದರೂ ದೊಡ್ಡವರು ತೀರಿಕೊಂಡರೇನೋ ಅಂತ ಮೊದಲ ದಿನ ಗಾಬರಿಯಾಗಿದ್ದೆ. ಊಟಕ್ಕೆ ಕೂತರೆ ಎರಡು ಗಂಟೆ. ಸಂಜೆ ಊರಿನವರೆಲ್ಲ ಒಳ್ಳೆಯ ಬಟ್ಟೆ ಹಾಕಿಕೊಂಡು ಬೀದಿಗೆ ಬಂದು, ಈ ತುದಿಯಿಂದ ಆ ತುದಿಗೆ ನಡೆದು, ಮತ್ತೆ ಈ ತುದಿಗೆ ಬರುತ್ತಿದ್ದರು. ಎಲ್ಲಿಗೂ ಹೋಗುತ್ತಿರಲಿಲ್ಲ. ನಮ್ಮ ಯಜಮಾನರಿಗೆ ಇದು ಅರ್ಥವೇ ಆಗಲಿಲ್ಲ. "ಇವರೆಲ್ಲ ಎಲ್ಲಿಗೆ ಹೊರಟಿದಾರೆ ಕಣೇ?" ಅಂತ ಒಂದು ವಾರ ಕೇಳಿದರು. ಆಮೇಲೆ ಅವರೂ ನನ್ನ ಕೈ ಹಿಡಿದುಕೊಂಡು ಈ ತುದಿಯಿಂದ ಆ ತುದಿಗೆ ನಡೆಯತೊಡಗಿದರು. ಸೀರೆಯ ಮೇಲೆ ಗಂಡನ ಓವರ್‌ಕೋಟು ಹಾಕಿಕೊಂಡು, ಕೋಟಿನ ಕೆಳಗೆ ನೆರಿಗೆ ಎಳೆದುಕೊಂಡು ನಡೆಯುತ್ತಿದ್ದ ನನ್ನನ್ನು ನೋಡಲಿಕ್ಕೇ ಕೆಲವರು ಬರುತ್ತಿದ್ದರೆಂದು ಕಾಣುತ್ತದೆ. ಆದರೂ ಶಿಡ್ಲಘಟ್ಟದ ಮನೆಯಲ್ಲಿ ಗಂಡನ ಎದುರು ಜಗಲಿಯ ಮೇಲೆ ಕೂತು ಹೂ ಕಟ್ಟಲೂ ನಾಚುತ್ತಿದ್ದವಳಿಗೆ, ನಡುಬೀದಿಯಲ್ಲಿ ಹೀಗೆ ಕೈ ಹಿಡಿದು ನಡೆಯುವುದು ಯಾವ ಸ್ವರ್ಗಕ್ಕೆ ಕಡಿಮೆ?

ತೆರೇಸಮ್ಮ ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಕೋಲಿನಿಂದ ತಿರುವಿ ತಿರುವಿ ಹಳದಿ ಮುದ್ದೆ ಮಾಡುತ್ತಿದ್ದರು. ಊರಿಗೆ ಬಂದ ಮೇಲೆ ಅತ್ತೆಯವರು ತೆಲುಗಿನಲ್ಲಿ, "ಅಕ್ಕಡ ಏಂ ತಿಂಟಿವಮ್ಮಾ?" ಅಂದಾಗ, ಅಂದರೆ ಅಲ್ಲಿ ಏನು ತಿಂದೆ ಅಂತ ಕೇಳಿದಾಗ, ನಾನು "ಮುದ್ದೆ" ಅಂದೆ. ನಾವು ಇಟಲಿಗೆ ಹೋಗಿದ್ದೇ ಸುಳ್ಳೆಂದು ಅವರು ಕೆಲವು ದಿನ ನಂಬಿದ್ದರು.

ಹುಳ ಮೇಯಿಸಿದ ಕೈ ತೆರೇಸಮ್ಮನದು. ವಯಸ್ಸಿನಲ್ಲಿ ಮೊಟ್ಟೆಗಳನ್ನು ಸಣ್ಣ ಬಟ್ಟೆಚೀಲದಲ್ಲಿ ಕಟ್ಟಿ, ಎದೆಯ ಬಿಸಿಗೆ ಇಟ್ಟುಕೊಂಡು ಮರಿ ಮಾಡಿಸುತ್ತಿದ್ದರಂತೆ. ಹುಳ ಮೇವು ಬಿಟ್ಟು ತಲೆ ಎತ್ತಿ ಅಲ್ಲಾಡದೆ ನಿಂತು ಚರ್ಮ ಕಳಚುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ. ಅವರು ಅದಕ್ಕೆ ನಿದ್ದೆ ಅನ್ನುತ್ತಿದ್ದರು. ಒಂದೇ ಹುಳ, ಒಂದೇ ಸೊಪ್ಪು. ಸುಮ್ಮನಿರುವ ಪ್ರಾಣಿಯನ್ನು ಕಂಡರೆ ನಮಗೆ ಕಾಯಿಲೆ ಅನ್ನಿಸುತ್ತದೆ, ಅವರಿಗೆ ವಿಶ್ರಾಂತಿ ಅನ್ನಿಸುತ್ತದೆ. ಒಂದು ನಾಡಿನ ಸ್ವಭಾವ ತಿಳಿಯಲು ಇಷ್ಟು ಸಾಕೆಂದು ನಾನು ಆಗ ತೀರ್ಮಾನಿಸಿದ್ದೆ. ಇಪ್ಪತ್ತು ವರ್ಷದವಳ ತೀರ್ಮಾನ.

ಒಂದು ಭಾನುವಾರ ಊಟದ ಹೊತ್ತಿಗೆ ಯಜಮಾನರು ತಮ್ಮ ಅರೆಬರೆ ಇಟಾಲಿಯನ್‌ನಲ್ಲಿ ಊರಿನ ವಿಷಯ ಹೇಳುತ್ತಾ, "ನಮ್ಮೂರು ಬೆಂಗಳೂರಿನ ಹತ್ತಿರ" ಅಂದರು. ತೆರೇಸಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಎದ್ದು ಹೋಗಿ ಒಳಗಿನಿಂದ ಒಂದು ಫೋಟೋ ತಂದರು. ಕಿವಿ ಅಗಲವಾದ, ನಗು ತಡೆದುಕೊಂಡು ನಿಂತ ಹುಡುಗ. ಪಿಯೇತ್ರೋ, ಒಬ್ಬನೇ ಮಗ. ಯುದ್ಧದಲ್ಲಿ ಆಫ್ರಿಕಾದಲ್ಲಿ ಸೆರೆಸಿಕ್ಕಿ, ಬೆಂಗಳೂರಿನ ಹತ್ತಿರದ ಕೈದಿಗಳ ಶಿಬಿರಕ್ಕೆ ಬಂದಿದ್ದನಂತೆ. ಎರಡು ವರ್ಷ ಕಾಗದ ಬರೆದ. ಆಮೇಲೆ ಜ್ವರ ಬಂದು ಅಲ್ಲೇ ತೀರಿಕೊಂಡ. ಅಲ್ಲೇ ಮಣ್ಣು ಮಾಡಿದರು.

"ಅಲ್ಲಿಯ ಮಣ್ಣು ಯಾವ ಬಣ್ಣ?" ಅಂತ ನನ್ನನ್ನು ಕೇಳಿದರು.

"ಕೆಂಪು" ಅಂದೆ.

"ಚಳಿಯಾಗುತ್ತಾ?"

"ಇಲ್ಲಿಯಷ್ಟಿಲ್ಲ."

ನನಗೆ ಏಳೆಂಟು ವರ್ಷವಿದ್ದಾಗ ಅಪ್ಪನ ಜೊತೆ ಗೌರಿಬಿದನೂರು ಸ್ಟೇಷನ್ನಿಗೆ ಹೋಗಿದ್ದೆ. ನಿಂತಿದ್ದ ಒಂದು ರೈಲಿನ ಕಿಟಕಿಗಳ ತುಂಬ ಗಡ್ಡ ಬೆಳೆದ ಬಿಳಿಯರು. ಒಬ್ಬರೂ ಮಾತಾಡುತ್ತಿರಲಿಲ್ಲ. "ಸೆರೆ ಸಿಕ್ಕಿದ ಸೋಲ್ಜರುಗಳು ಕಣಮ್ಮ, ನೋಡ್ಬೇಡ ಬಾ" ಅಂತ ಅಪ್ಪ ಕೈ ಹಿಡಿದು ಎಳೆದಿದ್ದರು. ಅದು ನೆನಪಾಗಿ, "ನಾನು ನೋಡಿದೀನಿ ಅವರನ್ನ" ಅಂದುಬಿಟ್ಟೆ. ತೆರೇಸಮ್ಮ ನನ್ನ ಮುಖವನ್ನೇ ನೋಡಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. "ಎಲ್ಲಾರೂ ಹಾಡ್ತಾ ಇದ್ರು" ಅಂತಲೂ ಸೇರಿಸಿದೆ. ಆಕೆ ನಕ್ಕರು. ಆ ನಗುವನ್ನು ನೋಡಿ ನನಗೂ ಹಿತವಾಯಿತು. ಸುಳ್ಳು ಇಷ್ಟು ಸಲೀಸಾಗಿ ಸಮಾಧಾನ ಕೊಡುತ್ತದೆಂದು ನನಗೆ ಅಂದು ಗೊತ್ತಾಗಬಾರದಿತ್ತು.

ಹೊರಡುವ ದಿನ ತೆರೇಸಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. "ಬಿಡುವಾದಾಗ ಒಂದು ಸಲ ಹೋಗಿ. ಪ್ರಾರ್ಥನೆ ಗೀರ್ಥನೆ ಬೇಡ, ಅದನ್ನ ಇಲ್ಲಿ ನಾನು ಮಾಡ್ತೀನಿ. ಒಂದು ಅರ್ಧ ಗಂಟೆ ಅವನ ಹತ್ತಿರ ಕೂತಿದ್ದು ಬನ್ನಿ. ಅವನಿಗೆ ಒಬ್ಬನೇ ಇರೋದು ಆಗ್ತಿರಲಿಲ್ಲ." ನಾವಿಬ್ಬರೂ ಒಟ್ಟಿಗೇ ತಲೆಯಾಡಿಸಿದೆವು. ಬಂದ ತಿಂಗಳೇ ಹೋಗುತ್ತೇವೆ ಅಂದೆವು.

ಬಂದ ತಿಂಗಳು ಮನೆಯಲ್ಲಿ ಹುಳ ಕೊನೆಯ ಜ್ವರ ಎದ್ದಿತ್ತು. ಆಗ ಅವು ತಿನ್ನುವ ಸದ್ದು ಹೆಂಚಿನ ಮೇಲೆ ಹನಿ ಬಿದ್ದ ಹಾಗೆ. ಸೊಪ್ಪು ಹಾಕುವುದೇ ಕೆಲಸ. ಆಮೇಲೆ ನನಗೆ ಬಸಿರು, ಬಾಣಂತನ. ಯಜಮಾನರಿಗೆ ಚಿಂತಾಮಣಿಗೆ ವರ್ಗ, ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬೆಳಿಗ್ಗೆ ಹೋದರೆ ಸಂಜೆಗೆ ಬರಬಹುದು. ಹೋಗುತ್ತಲೂ ಇದ್ದೆವು, ಮದುವೆಗೆ, ಸೀರೆಗೆ, ಕಣ್ಣಿನ ಡಾಕ್ಟರಿಗೆ. ಆ ಅರ್ಧ ಗಂಟೆ ಮಾತ್ರ ಯಾವತ್ತೂ ಸಿಗಲಿಲ್ಲ. ಇಟಲಿಯಲ್ಲಿ ಆರು ತಿಂಗಳು ಬೀದಿಯ ತುದಿಯಿಂದ ತುದಿಗೆ ಸುಮ್ಮನೆ ನಡೆದಿದ್ದವರು ನಾವೇನಾ ಅನ್ನಿಸುತ್ತಿತ್ತು. ಅನ್ನಿಸಿದ್ದಷ್ಟೇ.

ತೆರೇಸಮ್ಮನ ಕಾಗದ ಬಂತು. "ಹೋಗಿದ್ದಿರಾ?" ಅಂತ ಕೊನೆಯ ಸಾಲು. ಉತ್ತರದಲ್ಲಿ ಮಗುವಿನ ವಿಷಯ ಬರೆದೆ. ಎರಡನೇ ಕಾಗದದಲ್ಲೂ ಅದೇ ಸಾಲು. ಅದನ್ನು ಹಿಡಿದುಕೊಂಡು ಯಜಮಾನರ ಮುಂದೆ ನಿಂತೆ. ಅವರು ಆಫೀಸಿಗೆ ಹೊರಡುವ ಆತುರದಲ್ಲಿದ್ದರು.

"ಹೋಗಿದ್ವಿ ಅಂತ ಬರೆದ್ಬಿಡು. ಹೆಂಗೂ ಹೋಗ್ತೀವಲ್ಲ."

ಬರೆದೆ. ಬರೆಯಲು ಕೂತ ಮೇಲೆ ಒಂದು ಸಾಲಿಗೆ ಕೈ ನಿಲ್ಲಲಿಲ್ಲ. ಜಾಗ ಚೊಕ್ಕಟವಾಗಿದೆ ಅಂದೆ. ಕನಕಾಂಬರ ಇಟ್ಟೆವು ಅಂದೆ. ಪಕ್ಕದಲ್ಲೇ ಒಂದು ದೊಡ್ಡ ಮರವಿದೆ, ಅದರ ನೆರಳಲ್ಲಿ ಅರ್ಧ ಗಂಟೆ ಕೂತಿದ್ದೆವು ಅಂದೆ. ತೆರೇಸಮ್ಮನ ಉತ್ತರ ಚಿಕ್ಕದಾಗಿತ್ತು. "ನಿಮ್ಮ ಕಾಗದ ಎರಡು ಸಲ ಓದಿದೆ. ಆ ಮರದ ಹೆಸರೇನು?"

ಹೊಂಗೆ, ಅಂತ ಬರೆದೆ.

ಅಲ್ಲಿಂದ ಆರು ವರ್ಷ ನಾನು ಆ ಹೊಂಗೆ ಮರವನ್ನು ಸಾಕಿದೆ. "ಹೋಗಿದ್ದಿರಾ?" ಅಂತ ಆಕೆ ಮತ್ತೆ ಕೇಳಲೇ ಇಲ್ಲ. ಮರ ಹೂ ಬಿಟ್ಟಿತಾ, ಎಲೆ ಉದುರಿತಾ, ಹಕ್ಕಿ ಕೂರುತ್ತವಾ, ಇಷ್ಟೇ. ನಾನು ಯುಗಾದಿ ಹೊತ್ತಿಗೆ ಹೊಸ ಚಿಗುರು ಬರಿಸಿದೆ, ಬೇಸಿಗೆಯಲ್ಲಿ ನೆಲದ ತುಂಬ ಹೂ ಚೆಲ್ಲಿಸಿದೆ. ತೆರೇಸಮ್ಮನ ಅಡಿಗೆಮನೆಯಲ್ಲಿ ಕಲಿತಿದ್ದ ನನ್ನ ಇಟಾಲಿಯನ್ ಬಲವಾಗುತ್ತಾ ಹೋಯಿತು. ಯಜಮಾನರು ಒಮ್ಮೆ ಓದಿ, "ಮರ ಚೆನ್ನಾಗಿ ಬೆಳೀತಾ ಇದೆ" ಅಂದರು. ಇಬ್ಬರೂ ನಕ್ಕೆವು. ಆ ನಗುವನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಏಳನೇ ವರ್ಷದ ಕಾಗದದಲ್ಲಿ ಆಕೆಯ ಅಕ್ಷರ ನಡುಗಿತ್ತು. ತಮಗೆ ಮೈ ಚೆನ್ನಾಗಿಲ್ಲವೆಂದು ಬರೆದಿದ್ದರು. ಮರದ ವಿಷಯ ಏನೂ ಇರಲಿಲ್ಲ. ಅದನ್ನು ಓದಿದ ಯಜಮಾನರು ಆವತ್ತು ಆಫೀಸಿಗೆ ಹೋಗಲಿಲ್ಲ. "ನಡಿ" ಅಂದರು. ಯಾವ ಊರಿಗೆ ಅಂತ ನಾನು ಕೇಳಲಿಲ್ಲ.

ಬೆಂಗಳೂರಿನ ಆಚೆ ಆ ಸ್ಮಶಾನ ಹುಡುಕಲು ಮಧ್ಯಾಹ್ನವಾಯಿತು. ಗಿಡಗಳಿಗೆ ನೀರು ಹಾಕುತ್ತಿದ್ದ ಒಬ್ಬ ಮುದುಕ ಹತ್ತಿರ ಬಂದ. ಹೆಸರು ಹೇಳಿದೆವು.

"ಇಟಲಿಯವರದಾ? ಅವರನ್ನೆಲ್ಲ ತೆಗೆದು ಬೊಂಬಾಯಿ ಕಡೆ ಸಾಗಿಸಿಬಿಟ್ರಲ್ಲ ಸ್ವಾಮಿ. ಆರೇಳು ವರ್ಷ ಆಯ್ತು. ಆ ಗೋಡೆ ಪಕ್ಕ ಇದ್ವು."

ಗೋಡೆಯ ಪಕ್ಕ ಹೋದೆವು. ನೆಲ ಸಮ ಮಾಡಿ ಹುಲ್ಲು ಬೆಳೆಸಿದ್ದರು. ಮಣ್ಣು ಕೆಂಪಗೇ ಇತ್ತು. ಹೊಂಗೆ ಇರಲಿಲ್ಲ, ಯಾವ ಮರವೂ ಇರಲಿಲ್ಲ. ನಾವು ಬಿಸಿಲಲ್ಲೇ ಕೂತೆವು. ಯಜಮಾನರು ಕೈಗಡಿಯಾರ ನೋಡಿ, ಸ್ವಲ್ಪ ಹೊತ್ತಿಗೆ ಮತ್ತೆ ನೋಡಿ, "ನಾಲ್ಕೇ ನಿಮಿಷ ಆಗಿದೆ ಕಣೇ" ಅಂದರು. ಅರ್ಧ ಗಂಟೆ ಅಷ್ಟು ಉದ್ದವಿರುತ್ತದೆಂದು ನನಗೂ ಗೊತ್ತಿರಲಿಲ್ಲ. ಪೂರ್ತಿ ಕೂತೆವು. ಅಲ್ಲಿ ಯಾರೂ ಇಲ್ಲದಿದ್ದರೂ ಕೂತೆವು. ಎದ್ದಾಗ ಅವರ ಕಣ್ಣು ಕೆಂಪಾಗಿತ್ತು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ಅದೇ ಮೊದಲು ನೋಡಿದ್ದು.

ಮನೆಗೆ ಬಂದು ಎಲ್ಲವನ್ನೂ ಬರೆದೆ. ಹೋಗಿರಲಿಲ್ಲ, ಮರವಿಲ್ಲ, ಹೂವಿಟ್ಟಿಲ್ಲ, ರೈಲಿನಲ್ಲಿದ್ದವರು ಹಾಡುತ್ತಿರಲಿಲ್ಲ. ಆರು ವರ್ಷ ನೀರಿನಂತೆ ಹರಿದಿದ್ದ ನನ್ನ ಇಟಾಲಿಯನ್ ಆವತ್ತು ಹೆಜ್ಜೆಹೆಜ್ಜೆಗೆ ತಡವರಿಸಿತು. ಸುಳ್ಳಿಗೆ ಧಾರಾಳವಾಗಿ ಸಾಕಾಗಿದ್ದ ಭಾಷೆ ನಿಜಕ್ಕೆ ಸಾಲಲಿಲ್ಲ. "ಕ್ಷಮಿಸಿ" ಅನ್ನುವುದನ್ನೇ ಮೂರು ಬಗೆಯಲ್ಲಿ ಬರೆದೆ, ಯಾವುದು ಸರಿಯೋ ತಿಳಿಯದೆ.

ಉತ್ತರ ಬಂದದ್ದು ಎರಡು ತಿಂಗಳ ಮೇಲೆ, ಬೇರೆ ಅಕ್ಷರದಲ್ಲಿ. ಬರೆದದ್ದು ತೆರೇಸಮ್ಮನ ತಂಗಿಯ ಮಗಳು. ನನ್ನ ಕಾಗದ ತಲುಪುವ ಹನ್ನೊಂದು ದಿನ ಮೊದಲು ದೊಡ್ಡಮ್ಮ ತೀರಿಕೊಂಡರು ಅಂತ ಬರೆದಿದ್ದಳು. ಮುಂದೆ ಇನ್ನೊಂದು ವಿಷಯವಿತ್ತು. ದೊಡ್ಡಮ್ಮನ ಪೆಟ್ಟಿಗೆಯಲ್ಲಿ ನನ್ನ ಕಾಗದಗಳೆಲ್ಲ ಬಂದ ಕ್ರಮದಲ್ಲೇ ಇದ್ದವಂತೆ. ಅವುಗಳ ನಡುವೆ ಒಂದು ಸರಕಾರಿ ಪತ್ರ. ನಿಮ್ಮ ಮಗನ ಅಸ್ಥಿಯನ್ನು ಬೆಂಗಳೂರಿನಿಂದ ತೆಗೆದು ಬೇರೆಡೆಗೆ ಸಾಗಿಸಲಾಗಿದೆ ಎಂದು ತಿಳಿಸುವ ಪತ್ರ. ನಾನು ಮೊದಲ ಸಲ ಮರದ ವಿಷಯ ಬರೆದ ಕಾಗದಕ್ಕಿಂತ ಒಂದು ತಿಂಗಳು ಹಿಂದಿನದು. "ಇದು ನನಗೆ ಅರ್ಥವಾಗುತ್ತಿಲ್ಲ. ಹಾಗಾದರೆ ನೀವು ಕೂತಿದ್ದು ಯಾವ ಮರದ ಕೆಳಗೆ?" ಅಂತ ಆ ಹುಡುಗಿ ಮುಗ್ಧವಾಗಿ ಕೇಳಿದ್ದಳು. ನನ್ನ ತಪ್ಪೊಪ್ಪಿಗೆಯನ್ನು ಆಕೆ ತೆರೆದಿರಲಿಲ್ಲ. ಸತ್ತವರ ಹೆಸರಿಗೆ ಬಂದದ್ದೆಂದು ಅವರನ್ನು ಮಣ್ಣು ಮಾಡಿದ ಜಾಗಕ್ಕೆ ಒಯ್ದು ಹೂವಿನ ಕೆಳಗೆ ಇಟ್ಟು ಬಂದಿದ್ದಳಂತೆ.

ಅಂದರೆ ತೆರೇಸಮ್ಮನಿಗೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿದ್ದೂ ಮರದ ಹೆಸರು ಕೇಳಿದರು. ಮಗನ ಮಾತಾಡಲು ಆಕೆಗೆ ಬೇರೆ ಯಾರೂ ಉಳಿದಿರಲಿಲ್ಲವೋ, ಅಥವಾ ನನ್ನನ್ನು ಹಿಡಿದು ಹಾಕಲು ಮನಸ್ಸಾಗಲಿಲ್ಲವೋ, ನನಗೆ ತಿಳಿಯದು. ಇನ್ನು ತಿಳಿಯುವುದೂ ಇಲ್ಲ. ಆಕೆಯ ಊರಿನ ನಿಧಾನವೆಂದರೆ ಮಧ್ಯಾಹ್ನದ ನಿದ್ದೆ, ಸಂಜೆಯ ತಿರುಗಾಟ ಅಂತ ನಾನು ತಿಳಿದಿದ್ದೆ. ಆರು ತಿಂಗಳು ಅದನ್ನು ಸವಿದು ಬಂದಿದ್ದೆ. ಅದು ಅಷ್ಟೇ ಆಗಿರಲಿಲ್ಲ. ಸುಳ್ಳು ಹೇಳುವವಳ ಎದುರು ಕೂತು, ಅವಸರ ಮಾಡದೆ, ಅವಳಾಗಿಯೇ ನಿಜ ಹೇಳಲಿ ಅಂತ ಆರು ವರ್ಷ ಕಾಯುವುದೂ ನಿಧಾನವೇ.

ಆ ಹುಡುಗಿಗೆ ಉತ್ತರ ಬರೆದೆ. ಮೊದಲನೇ ಸಾಲಿನಲ್ಲೇ ನಿಜ ಬರೆದೆ, ಎರಡನೇ ಸಾಲಿಗೆ ಬಿಡಲಿಲ್ಲ. ಅವತ್ತೇ ಹೋಗಿ ಅಂಚೆ ಡಬ್ಬಕ್ಕೆ ಹಾಕಿ ಬಂದೆ. ಕೆಲವು ವಿಷಯಗಳಲ್ಲಿ ಮಾತ್ರ ನಾನು ಈಗಲೂ ಬಹಳ ಅವಸರದ ಹೆಂಗಸು.