ಪ್ರೋಗ್ರಾಮು ಬೇಕಾದರೆ ಹೋಗಲಿ, ಕಾಕಾನನ್ನು ಕಳಿಸುವುದಿಲ್ಲ

ಜೇವರ್ಗಿ ಬಸ್ ಸ್ಟ್ಯಾಂಡಿನ ಎದುರಿನ ನಮ್ಮ ಅಂಗಡಿಯಲ್ಲಿ ಲಗ್ನಪತ್ರಿಕೆ, ತೊಟ್ಟಿಲ ಕಾರ್ಡು, ಅಂಗಡಿ ಉದ್ಘಾಟನೆಯ ಹಾಳೆ ಎಲ್ಲವನ್ನೂ ಕಂಪ್ಯೂಟರಿನ ಒಂದೇ ಪ್ರೋಗ್ರಾಮಿನಲ್ಲಿ ಕಟ್ಟುತ್ತೇವೆ. ಕಟ್ಟುತ್ತೇವೆ ಎಂದರೆ ಕಾಕಾ ಕಟ್ಟುತ್ತಾರೆ. ನಾನು ಪಕ್ಕದ ಕಂಪ್ಯೂಟರಿನಲ್ಲಿ ಕೂತು, ಆಗಷ್ಟೇ ಹೊರಗೆ ಹೋದ ಗಿರಾಕಿಯ ದನಿ ಅಣಕಿಸಿ, ಒಳಗಿರುವ ಗಿರಾಕಿಯನ್ನು ನಗಿಸುತ್ತೇನೆ. ಒಳಗಿದ್ದವನು ಹೊರಗೆ ಹೋದ ಮೇಲೆ ಅವನ ಸರದಿ. ಕಾಕಾ ನನಗೆ ರಕ್ತಸಂಬಂಧಿಯಲ್ಲ. ಅಂಗಡಿಯ ಮಾಲೀಕರು, ಊರಿಗೆಲ್ಲ ಕಾಕಾ.

ಹೋದ ವರ್ಷ ಒಂದು ಬೆಳಿಗ್ಗೆ ಪರದೆಯ ಮೇಲೆ ಕಂಪನಿಯ ಸೂಚನೆ ಬಂತು. ಈ ಪ್ರೋಗ್ರಾಮನ್ನು ನಿಲ್ಲಿಸುತ್ತಿದ್ದೇವೆ, ಗಡುವು ಮುಗಿದ ಮೇಲೆ ಇದರಲ್ಲಿ ಮಾಡಿದ ಫೈಲುಗಳು ತೆರೆಯುವುದಿಲ್ಲ, ಅಷ್ಟರೊಳಗೆ ಬದಲಿಸಿಕೊಳ್ಳಿ ಎಂದಿತ್ತು. ನಾನು ಎದ್ದು ನಿಂತು, ಜಪ್ತಿಗೆ ಬಂದ ಕೋರ್ಟ್ ಜವಾನನ ಗತ್ತಿನಲ್ಲಿ ಅದನ್ನು ಕೂಗಿ ಓದಿದೆ. ಕಾಕಾ ನಗಲಿಲ್ಲ.

"ಅದರ ಜೋಡಿ ನಾನೂ ಬಂದ್ ಆಗ್ತೇನಲೇ," ಎಂದರು. "ಹೊಸಾದು ಕಲಿಯೂ ವಯಸ್ಸಲ್ಲ ನಂದು. ಅಂಗಡಿ ನೀ ನೋಡ್ಕೋ."

ಅಂಗಡಿ ಸಿಕ್ಕಿತೆಂದು ಬೇರೆಯವನಾದರೆ ಪೇಢೆ ಹಂಚುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಎಲ್ಲೋ ಕೂತ ಕಂಪನಿ, ಜೇವರ್ಗಿಯಲ್ಲಿ ಯಾರು ಕುರ್ಚಿ ಬಿಟ್ಟು ಏಳಬೇಕೆಂದು ಹೇಳುವುದೇ?

"ನಾ ಬಿಡಂಗಿಲ್ರಿ," ಎಂದೆ.

"ಏನ್ ಬಿಡಂಗಿಲ್ಲ?"

"ನಿಮ್ಮನ್ನ."

"ಹಾಡಾ ಹಗಲ ನಾಟಕ ಬ್ಯಾಡ. ಕೆಲಸ ಮಾಡು."

ಮಾಡಿದೆ. ನಮ್ಮ ಕಡೆ ಯಾರೂ ಕಾರ್ಡಿಗೆ ಹೊಸದಾಗಿ ಬರೆದುಕೊಂಡು ಬರುವುದಿಲ್ಲ. ತಂಗಿಯ ಲಗ್ನಕ್ಕೆ ಬಂದವರು "ಅಕ್ಕಂದು ತೆಗೀರಿ, ಹೆಸರಷ್ಟ ಬದಲಿ ಮಾಡ್ರಿ" ಎನ್ನುತ್ತಾರೆ. ಯಾವ ಮನೆಯಲ್ಲಿ ಯಾವ ದೊಡ್ಡಪ್ಪನ ಹೆಸರು ಮೇಲೆ, ಯಾವ ಅಳಿಯನದು ಕೆಳಗೆ ಎಂಬುದೆಲ್ಲ ಆ ಹಳೇ ಫೈಲುಗಳಲ್ಲೇ ಇದೆ. ಅವು ಹೋದರೆ ಪ್ರತಿ ಲಗ್ನದಲ್ಲೂ ಹೊಸ ಜಗಳ. ಹಾಗಾಗಿ ಒಂದು ವಾರ ಕೂತು ಸಿಕ್ಕಸಿಕ್ಕಿದ್ದನ್ನೆಲ್ಲ ಪಿಡಿಎಫ್ ಮಾಡಿ, ಕಂಪನಿಯನ್ನೇ ಸೋಲಿಸಿದವನಂತೆ ಎದೆ ಉಬ್ಬಿಸಿ ನಿಂತೆ.

ಕಾಕಾ ಒಂದನ್ನು ತೆರೆದರು. "ಇದರಾಗ ತಂಗಿ ಹೆಸರು ಹಾಕು, ನೋಡೂಣು."

ಹಾಕಲು ಹೋದೆ. ಅಕ್ಷರಗಳೆಲ್ಲ ಕೋಳಿ ಕೆದರಿದಂತೆ ಚೆಲ್ಲಾಪಿಲ್ಲಿಯಾದವು. ಒಂದು ವಾರ ದುಡಿದು ನಾನು ಕಾರ್ಡುಗಳ ಫೋಟೋ ತೆಗೆದಿಟ್ಟಿದ್ದೆ, ಅಷ್ಟೇ. ಆಮೇಲೆ ಹೊಸ ಪ್ರೋಗ್ರಾಮು ಹಾಕಿ, ಒಂದೊಂದೇ ಕಾರ್ಡನ್ನು ಮೊದಲಿನಿಂದ ಕಟ್ಟತೊಡಗಿದೆ. ಕಾಕಾ ಆ ಕಡೆ ತಿರುಗಿಯೂ ನೋಡಲಿಲ್ಲ.

ಹಾಗಿರುವಾಗ, ಗಡುವಿಗೆ ಇನ್ನೂ ಕೆಲವು ದಿನ ಇರುವಾಗಲೇ, ಇಜೇರಿ ಹಳ್ಳಿಯ ಚಾಚಾ ಬಂದರು. ತೊಗರಿ ವ್ಯಾಪಾರದವರು, ಎರಡನೇ ಮಗಳ ನಿಕಾಹ್. ದೊಡ್ಡ ಮಗಳ ಕಾರ್ಡು ಕಾಕಾನ ಕೈಯದು: ಒಂದು ಹಾಳೆ, ಒಂದು ಮಡಿಕೆ, ನಾಲ್ಕು ಪುಟ. ಎರಡು ಕನ್ನಡ, ಎರಡು ಉರ್ದು. ಉರ್ದುವನ್ನು ಮಸೀದಿಯ ಹಿರಿಯರೊಬ್ಬರು ಕೈಯಲ್ಲಿ ಬರೆದುಕೊಡುತ್ತಾರೆ, ನಾವು ಚಿತ್ರವಾಗಿ ಅಂಟಿಸುತ್ತೇವೆ. ಹಳೇ ಫೈಲಿನಲ್ಲಿ ಉರ್ದುವಿನ ಮೊದಲ ಪುಟ ನಾಲ್ಕನೆಯದಾಗಿ, ಎರಡನೆಯದು ಮೂರನೆಯದಾಗಿ ಕೂತಿತ್ತು. ಮುದುಕ ಪ್ರೋಗ್ರಾಮು ಪುಟ ಅದಲುಬದಲು ಮಾಡಿದೆ ಎಂದುಕೊಂಡು ನಾನೇ ಮೊದಲನೆಯದನ್ನು ಮೂರಕ್ಕೆ, ಎರಡನೆಯದನ್ನು ನಾಲ್ಕಕ್ಕೆ ಹಾಕಿ 'ಸರಿ' ಮಾಡಿದೆ. ಒಂದು ಪ್ರತಿ ತೆಗೆದು, ಮಡಚಿ, ಚಾಚಾರ ಕೈಗಿಟ್ಟೆ.

ಅವರು, ಬಲದಿಂದ ಎಡಕ್ಕೆ ಉರ್ದು ಓದುವವರ ರೂಢಿಯಂತೆ, ಕಾರ್ಡನ್ನು ಹಿಂಬದಿಯಿಂದ ಹಿಡಿದರು. ಹೊರಗೆ ಊಟದ ಹೊತ್ತು ಮತ್ತು ಫಂಕ್ಷನ್ ಹಾಲಿನ ವಿಳಾಸ. ಎಲ್ಲಕ್ಕೂ ಮೊದಲು ಬರಬೇಕಾದ ಬಿಸ್ಮಿಲ್ಲಾ ಒಳಗೆ.

"ಅರೇ ಬೇಟಾ!" ಎಂದರು ಚಾಚಾ. "ಬಿಸ್ಮಿಲ್ಲಾ ಅನ್ನೂಕಿಂತ ಮೊದ್ಲೇ ಮಂದಿಗಿ ದಾವತ್ ತಿನ್ನಿಸಾಕತ್ತೀಯಲ್ಲೋ!"

ಕಾಕಾ ಅಷ್ಟು ನಕ್ಕಿದ್ದನ್ನು ಎಷ್ಟೋ ತಿಂಗಳಿಂದ ನಾನು ಕಂಡಿರಲಿಲ್ಲ. ನಕ್ಕು, ಕಣ್ಣೊರೆಸಿಕೊಂಡು, ಒಂದು ಖಾಲಿ ಹಾಳೆ ಮಡಚಿದರು. ಎಡದಿಂದ ಪೆನ್ನಿನಲ್ಲಿ ಕನ್ನಡ ಒಂದು, ಎರಡು ಎಂದು ಬರೆದರು. ತಿರುಗಿಸಿ, ಬಲದಿಂದ ಉರ್ದು ಒಂದು, ಎರಡು ಎಂದು ಬರೆದರು. ಬಿಚ್ಚಿ ನನ್ನ ಮುಂದೆ ಹಿಡಿದರು. ಅವರ ಹಳೇ ಫೈಲಿನ ಕ್ರಮವೇ.

"ಇದು ಯಾವ ಪ್ರೋಗ್ರಾಮ್ನಾಗ ಮಾಡಿದ್ರಿ?" ಎಂದೆ.

"ಯಾವ ಪ್ರೋಗ್ರಾಮ್ಲೇ ಮಬ್ಬ? ಕಾಗದ ಇದು."

"ಹಂಗಾದ್ರ ಯಾವತ್ತ ಕಂಪನಿ ಕಾಗದ ಬಂದ್ ಮಾಡ್ತದ, ಅವತ್ತ ನೀವು ಮನೀಗಿ ಹೋಗ್ರಿ. ಅಲ್ಲೀತನಕ ನಾ ರಜಾ ಕೊಡಂಗಿಲ್ಲ."

"ನೀ ಯಾಂವಲೇ ನನಗ ರಜಾ ಕೊಡಾಂವ?"

"ಅಂಗಡಿ ನೋಡ್ಕೋ ಅಂದ್ರಲ್ಲ. ಮಾಲಕ ನಾ."

ಚಾಚಾ ಗಡ್ಡ ನೀವಿಕೊಂಡು, ನಿಕಾಹ್‌ನಲ್ಲಿ ಒಪ್ಪಿಗೆ ಕೇಳುವ ಖಾಜಿಯ ಗಾಂಭೀರ್ಯದಲ್ಲಿ ಕಾಕಾನ ಕಡೆ ಬಾಗಿದರು. "ಕಬೂಲ್ ಹೈ?"

ಕಾಕಾ ಹಾಳೆಯನ್ನು ಮತ್ತೆ ಮಡಚಿ ಮೇಜಿನ ಮೇಲಿಟ್ಟರು. ಚಾಚಾ ಎರಡನೇ ಸಲ ಕೇಳಿದರು. ಕಾಕಾ ತಮ್ಮ ಕುರ್ಚಿಯನ್ನು ದರದರ ಎಳೆದುಕೊಂಡು ಬಂದು, ನನ್ನ ಕಂಪ್ಯೂಟರಿನ ಮುಂದೆ ಹಾಕಿ ಕೂತರು. ಕನ್ನಡಕ ಏರಿಸಿ, ಹೊಸ ಪ್ರೋಗ್ರಾಮಿನ ಪರದೆಯನ್ನು ಮೊದಲ ಸಲ ದಿಟ್ಟಿಸಿ ನೋಡಿದರು.

"ಸರಿಯಲೇ ಅತ್ತಾಗ," ಎಂದರು. "ಹುಡುಗಿ ಅಪ್ಪನ ಹೆಸರು ಇಷ್ಟ ಸಣ್ಣದ ಹಾಕ್ತಾರೇನು? ದೊಡ್ಡದ ಮಾಡೂದು ಎಲ್ಲದ, ತೋರ್ಸು."